ಸೆರೆಮನೆಯ ಬಾಗಿಲಲ್ಲಿ ತಾಯಂದಿರು

ತಾಯಿ ಮಗನನ್ನು ಪ್ರೀತಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಗಂಡನ ಕಷ್ಟದಲ್ಲಿ ಹೆಂಡತಿ ಜೊತೆಗೆ ನಿಲ್ಲಲು ಯಾವ ಕಾಯಿದೆಯ ಆಧಾರವೂ ಬೇಕಿಲ್ಲ. ಇದು ಲೋಕದ ಸಹಜವಾದ ನಡೆ. ಸಹಜವೆಂಬ ಕಾರಣದಿಂದಲೇ ನಾವು ಅದನ್ನು ದೊಡ್ಡ ಮಾತುಗಳಲ್ಲಿ ಹೊಗಳಲು ಹೋಗುವುದಿಲ್ಲ. ಆದರೆ ಈ ಸಹಜ ಪ್ರೀತಿಯೇ ರಾಜದ್ರೋಹವೆನಿಸಿಕೊಳ್ಳುವ ಕಾಲವೊಂದು ಬಂದರೆ, ಮಗನ ಹೆಸರು ಹೇಳಿದ ಮಾತ್ರಕ್ಕೆ ತಾಯಿಯ ಅನ್ನ ಹೋಗುವ, ಗಂಡನ ಕೈಹಿಡಿದ ತಪ್ಪಿಗೆ ಹೆಂಡತಿ ಸೆರೆ ಸೇರುವ ದಿನಗಳು ಬಂದರೆ, ಆಗ ಮನುಷ್ಯನಾದವನು ಏನು ಮಾಡಬೇಕು? ಅಂಥ ಕಾಲದಲ್ಲಿ ಕುಟುಂಬನಿಷ್ಠೆ ಎಂಬ ಮಾತಿಗೆ ಯಾವ ಅರ್ಥ ಉಳಿಯುತ್ತದೆ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ರಷ್ಯನ್ ಸಾಹಿತ್ಯದಲ್ಲಿ ಮೂವರು ಮಹಿಳೆಯರು ಕೊಟ್ಟ ಉತ್ತರಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಮೂವರು ಯಾರೆಂದರೆ: ಕವಯಿತ್ರಿ ಆನ್ನಾ ಅಖ್ಮಾತೊವಾ, ಕವಿ ಓಸಿಪ್ ಮಾಂಡೆಲ್‌ಸ್ಟಾಮ್ ಅವರ ಪತ್ನಿ ನಾದ್ಯೆಜ್ದಾ ಮಾಂಡೆಲ್‌ಸ್ಟಾಮ್, ಲೇಖಕಿ ಲಿಡಿಯಾ ಚುಕೊವ್‌ಸ್ಕಾಯಾ. ಮೊದಲನೆಯವರ 'ರೆಕ್ವಿಯೆಮ್' ಎಂಬ ಕವನಮಾಲೆ, ಎರಡನೆಯವರ ಆತ್ಮಕಥನ, ಮೂರನೆಯವರ 'ಸೋಫಿಯಾ ಪೆಟ್ರೋವ್ನಾ' ಎಂಬ ಕಿರುಕಾದಂಬರಿ, ಈ ಮೂರೂ ಇಂಗ್ಲಿಷಿನ ಮೂಲಕ ನಮಗೆ ದೊರೆಯುತ್ತವೆ. ಮೂವರೂ ಪರಸ್ಪರ ಬಲ್ಲವರು. ಮೂವರ ಮನೆಗೂ ಒಂದೇ ಸಿಡಿಲು ಬಡಿಯಿತು. ವಿಮರ್ಶಕರು ಮೊದಲೆರಡು ಕೃತಿಗಳಿಗೆ ಕೊಟ್ಟ ಮನ್ನಣೆಯನ್ನು ಮೂರನೆಯದಕ್ಕೆ ಕೊಟ್ಟಂತೆ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಚಿಕ್ಕ ಪುಸ್ತಕವೇ ನಮ್ಮಂಥ ಸಾಮಾನ್ಯ ಗೃಹಸ್ಥರಿಗೆ ಅತ್ಯಂತ ಕಠಿಣವಾದ ಪಾಠವನ್ನು ಹೇಳುತ್ತದೆ. ಅದನ್ನು ಉಳಿದೆರಡರ ಪಕ್ಕದಲ್ಲಿಟ್ಟು ಓದಿದಾಗ ಮಾತ್ರ ಆ ಪಾಠದ ಪೂರ್ಣ ಸ್ವರೂಪ ಗೋಚರವಾಗುತ್ತದೆ.

ಕೃತಿಗಳ ವಿಚಾರಕ್ಕೆ ಬರುವ ಮುನ್ನ ಆ ಕಾಲದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಸ್ಟಾಲಿನ್ ಆಳ್ವಿಕೆಯ 1937 ಮತ್ತು 1938ನೆಯ ವರ್ಷಗಳನ್ನು ಇತಿಹಾಸಕಾರರು ಮಹಾಭೀತಿಯ ವರ್ಷಗಳೆಂದು ಕರೆಯುತ್ತಾರೆ. ಸರ್ಕಾರದ ದಾಖಲೆಗಳ ಪ್ರಕಾರವೇ ಆ ಎರಡು ವರ್ಷಗಳಲ್ಲಿ ಗುಂಡಿಗೆ ಬಲಿಯಾದವರ ಸಂಖ್ಯೆ 6 ಲಕ್ಷ 80 ಸಾವಿರವನ್ನು ಮೀರುತ್ತದೆ. ಇನ್ನೂ ಲಕ್ಷಾಂತರ ಮಂದಿ ದೂರದ ಶ್ರಮಶಿಬಿರಗಳ ಪಾಲಾದರು. ಈ ದಂಡನೆ ವ್ಯಕ್ತಿಯೊಬ್ಬನಿಗೆ ನಿಲ್ಲಲಿಲ್ಲ. 1937ರ ಆಗಸ್ಟ್ 15ರಂದು ಹೊರಟ ಗುಪ್ತ ಪೊಲೀಸ್ ಇಲಾಖೆಯ ಒಂದು ಆಜ್ಞೆಯಂತೆ 'ದೇಶದ್ರೋಹಿ'ಗಳ ಪತ್ನಿಯರನ್ನು ಐದರಿಂದ ಎಂಟು ವರ್ಷಗಳ ಕಾಲ ಶಿಬಿರಕ್ಕೆ ಕಳುಹಿಸಬೇಕು, ಮಕ್ಕಳನ್ನು ಅನಾಥಾಲಯಗಳಿಗೆ ಸೇರಿಸಬೇಕು ಎಂದು ಗೊತ್ತುಪಡಿಸಲಾಯಿತು. ಕಝಾಕಸ್ತಾನದ ಬಯಲಿನಲ್ಲಿ ಇಂಥ ಪತ್ನಿಯರಿಗೆಂದೇ ಒಂದು ಶಿಬಿರವಿತ್ತು. ಅಲ್ಲಿದ್ದ ಹೆಂಗಸರ ಅಪರಾಧವೆಲ್ಲ ಅವರ ಕೊರಳಿನ ತಾಳಿಯೇ ಎಂದು ನಮ್ಮ ನುಡಿಯಲ್ಲಿ ಹೇಳಬಹುದು.

ಇನ್ನೊಂದು ಕಡೆಯಿಂದ ಮಕ್ಕಳಿಗೆ ಬೇರೆಯ ಪಾಠ ನಡೆಯುತ್ತಿತ್ತು. ಉರಲ್ ಪ್ರಾಂತದ ಗೆರಾಸಿಮೊವ್ಕಾ ಎಂಬ ಹಳ್ಳಿಯ ಪಾವ್ಲಿಕ್ ಮೊರೊಜೊವ್ ಎಂಬ ಹುಡುಗ 1932ರಲ್ಲಿ ಕೊಲೆಯಾದ. ಹೆತ್ತ ತಂದೆಯನ್ನೇ ಅಧಿಕಾರಿಗಳಿಗೆ ಹಿಡಿದುಕೊಟ್ಟ ಧೀರನೆಂದು ಅವನನ್ನು ಶಾಲೆಶಾಲೆಗಳಲ್ಲಿ ಹಾಡಿ ಹೊಗಳಿದರು, ವಿಗ್ರಹಗಳನ್ನು ನಿಲ್ಲಿಸಿದರು. ಆ ಕಥೆಯ ಎಷ್ಟೋ ಅಂಶಗಳು ಕಟ್ಟುಕಥೆಯೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ. ಕಥೆ ನಿಜವೋ ಸುಳ್ಳೋ, ಅದನ್ನು ಆದರ್ಶವೆಂದು ಎಳೆಯರ ಮುಂದಿಟ್ಟದ್ದು ನಿಜ. ಹೀಗೆ ಒಂದು ಕೈ ಸಂಬಂಧಿಕರನ್ನು ದಂಡಿಸುತ್ತಿತ್ತು, ಇನ್ನೊಂದು ಕೈ ಸಂಬಂಧವನ್ನು ಕಡಿದುಕೊಂಡವರ ಬೆನ್ನು ತಟ್ಟುತ್ತಿತ್ತು.

ಬಂಧಿತನ ಮನೆಯವರಿಗೆ ಉಳಿದಿದ್ದ ದಾರಿ ಒಂದೇ: ಸೆರೆಮನೆಯ ಮುಂದೆ ಸಾಲು ನಿಲ್ಲುವುದು. ಲೆನಿನ್‌ಗ್ರಾಡಿನಲ್ಲಿ ನೆವಾ ನದಿಯ ದಂಡೆಯ 'ಕ್ರೆಸ್ತಿ' ಎಂಬ ಸೆರೆಮನೆಯ ಮುಂದೆಯೂ ಸರ್ಕಾರಿ ವಕೀಲರ ಕಚೇರಿಯ ಮುಂದೆಯೂ ಹೆಂಗಸರು ರಾತ್ರಿಯಿಂದಲೇ ಸಾಲುಗಟ್ಟುತ್ತಿದ್ದರು. ಕಿಟಕಿಯವರೆಗೆ ಹೋಗಿ, ಬಂಧಿತನ ಹೆಸರು ಹೇಳಿ, ಸ್ವಲ್ಪ ಹಣವನ್ನು ಒಳಗೆ ನೀಡುವುದು. ಹಣವನ್ನು ತೆಗೆದುಕೊಂಡರೆ ಮನುಷ್ಯ ಇನ್ನೂ ಬದುಕಿದ್ದಾನೆ, ಅಲ್ಲಿಯೇ ಇದ್ದಾನೆ ಎಂದರ್ಥ. ತಿರುಗಿಸಿ ಕೊಟ್ಟರೆ ಎದೆ ಒಡೆಯುತ್ತಿತ್ತು. 'ಪತ್ರವ್ಯವಹಾರದ ಹಕ್ಕಿಲ್ಲದ ಹತ್ತು ವರ್ಷಗಳ ಶಿಕ್ಷೆ' ಎಂಬ ಉತ್ತರ ಬಂದರೆ, ಮನುಷ್ಯನನ್ನು ಆಗಲೇ ಕೊಂದಾಗಿದೆ ಎಂಬುದು ಅದರ ಗೂಢಾರ್ಥ. ಎಷ್ಟೋ ಮಂದಿಗೆ ಆ ಗೂಢಾರ್ಥ ತಿಳಿದದ್ದು ಅನೇಕ ವರ್ಷಗಳ ಮೇಲೆ. ಲಿಡಿಯಾ ಚುಕೊವ್‌ಸ್ಕಾಯಾ ಅವರ ಪತಿ ಮಾತ್ವೇ ಬ್ರಾನ್‌ಸ್ಟೈನ್ ಭೌತವಿಜ್ಞಾನದಲ್ಲಿ ಅಸಾಧಾರಣ ಪ್ರತಿಭೆಯುಳ್ಳ ತರುಣ. 1937ರಲ್ಲಿ ಬಂಧಿತರಾದ ಅವರನ್ನು 1938ರ ಫೆಬ್ರವರಿಯಲ್ಲಿ ಕೊಂದರು. ಪತ್ನಿಗೆ ಸಿಕ್ಕಿದ್ದು ಅದೇ 'ಹತ್ತು ವರ್ಷ'ದ ಉತ್ತರ.

ಮೊದಲು ನಾದ್ಯೆಜ್ದಾ ಮಾಂಡೆಲ್‌ಸ್ಟಾಮ್ ಅವರ ಆತ್ಮಕಥನವನ್ನು ನೋಡೋಣ. ಅವರ ಪತಿ ಓಸಿಪ್ ಮಾಂಡೆಲ್‌ಸ್ಟಾಮ್ 1933ರಲ್ಲಿ ಸ್ಟಾಲಿನ್ನನನ್ನು ಕುರಿತು ಒಂದು ಪದ್ಯವನ್ನು ರಚಿಸಿ ಕೆಲವೇ ಆಪ್ತರಿಗೆ ಹೇಳಿದರು. 1934ರ ಮೇ ತಿಂಗಳ ಒಂದು ರಾತ್ರಿ ಅವರ ಬಂಧನವಾಯಿತು. ಆ ರಾತ್ರಿಯ ವರ್ಣನೆ ಈ ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು. ಅತಿಥಿಯಾಗಿ ಬಂದಿದ್ದ ಅಖ್ಮಾತೊವಾ ಅವರಿಗೆಂದು ನೆರೆಮನೆಯಿಂದ ಒಂದು ಮೊಟ್ಟೆಯನ್ನು ಕಡ ತಂದಿದ್ದರು. ಪೊಲೀಸರು ಮನೆಯೆಲ್ಲ ಜಾಲಾಡಿದ ಮೇಲೆ, ಹೊರಡುವ ಹೊತ್ತಿಗೆ, ಏನಾದರೂ ತಿಂದು ಹೋಗಿ ಎಂದು ಅತಿಥಿಯೇ ಆ ಮೊಟ್ಟೆಯನ್ನು ಕವಿಯ ಕೈಗಿತ್ತರು. ಅವರು ಕುಳಿತು ಉಪ್ಪು ಹಚ್ಚಿಕೊಂಡು ತಿಂದರು. ಲೇಖಕಿ ಇಲ್ಲಿ ಕಣ್ಣೀರಿನ ಮಾತೊಂದನ್ನೂ ಆಡುವುದಿಲ್ಲ. ಇದ್ದುದನ್ನು ಇದ್ದಂತೆ ಇಟ್ಟು ಮುಂದೆ ಸಾಗುತ್ತಾರೆ. ಆ ಸಂಯಮವೇ ಓದುಗನ ಅಂತಃಕರಣವನ್ನು ಕಲಕುತ್ತದೆ.

ಅವರು ಪತಿಯೊಡನೆ ಸ್ವಇಚ್ಛೆಯಿಂದ ಗಡೀಪಾರಿಗೆ ಹೋದರು. ಚೆರ್ದಿನ್ ಎಂಬ ಊರಿನ ಆಸ್ಪತ್ರೆಯ ಕಿಟಕಿಯಿಂದ ಪತಿ ಹಾರಿದ್ದನ್ನು ಕಂಡರು. ವೊರೋನೆಜ್‌ನಲ್ಲಿ ಬಡತನದ ಮೂರು ವರ್ಷಗಳನ್ನು ಕಳೆದರು. 1938ರ ಮೇ ತಿಂಗಳಲ್ಲಿ ಎರಡನೆಯ ಬಂಧನವಾಯಿತು. ಅದೇ ವರ್ಷ ಡಿಸೆಂಬರ್ 27ರಂದು ವ್ಲಾಡಿವೊಸ್ತೋಕ್ ಬಳಿಯ ಶಿಬಿರದಲ್ಲಿ ಕವಿ ಕಣ್ಮುಚ್ಚಿದರು. ಕಳುಹಿಸಿದ್ದ ಪೊಟ್ಟಣವು ವಿಳಾಸದಾರ ಮೃತನಾಗಿದ್ದಾನೆಂಬ ಕಾರಣದಿಂದ ಹಿಂತಿರುಗಿ ಬಂದಾಗ ಪತ್ನಿಗೆ ಸುದ್ದಿ ತಿಳಿಯಿತು. ಅಲ್ಲಿಂದ ಅವರ ಜೀವನದ ಎರಡನೆಯ ಭಾಗ ಪ್ರಾರಂಭ. ಅಚ್ಚಾಗದ ಪದ್ಯಗಳ ಹಸ್ತಪ್ರತಿಗಳನ್ನು ಯಾವಾಗ ಬೇಕಾದರೂ ಕಸಿದುಕೊಳ್ಳಬಹುದೆಂದು ಅವನ್ನೆಲ್ಲ ಅವರು ಬಾಯಿಪಾಠ ಮಾಡಿದರು. ಸ್ತ್ರೂನಿನೊ ಎಂಬ ಊರಿನ ನೂಲಿನ ಗಿರಣಿಯಲ್ಲಿ ರಾತ್ರಿಪಾಳಿಯ ಕೆಲಸ ಮಾಡುತ್ತ, ಯಂತ್ರಗಳ ನಡುವೆ ಓಡಾಡುತ್ತ, ಮರೆತುಹೋಗಬಾರದೆಂದು ಆ ಸಾಲುಗಳನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಊರಿಂದೂರಿಗೆ ಅಲೆದು, ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದರು. 1970ರಲ್ಲಿ ಅವರ ಆತ್ಮಕಥನ ವಿದೇಶದಲ್ಲಿ ಪ್ರಕಟವಾದಾಗ ಅವರಿಗೆ ಎಪ್ಪತ್ತು ವರ್ಷ. ಅವರು ನಿಧನರಾದದ್ದು 1980ರ ಡಿಸೆಂಬರಿನಲ್ಲಿ. ರಷ್ಯನ್ ಭಾಷೆಯಲ್ಲಿ 'ನಾದ್ಯೆಜ್ದಾ' ಎಂದರೆ 'ಆಸೆ', 'ಭರವಸೆ' ಎಂದು ಅರ್ಥ.

ಕೃತಿಯ ಗುಣವೇನೆಂದು ಕೇಳಿದರೆ, ಭಯವು ಒಂದು ಸಮಾಜದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಷ್ಟು ನಿಖರವಾಗಿ ಬಿಡಿಸಿಟ್ಟ ಗ್ರಂಥಗಳು ವಿರಳ ಎಂದು ಹೇಳಬೇಕು. ದೋಷವನ್ನೂ ಮುಚ್ಚಿಡಬೇಕಾಗಿಲ್ಲ. ಎರಡನೆಯ ಸಂಪುಟದಲ್ಲಿ ಲೇಖಕಿಯ ಮಾತು ಅನೇಕ ಕಡೆ ಕಟುವಾಗುತ್ತದೆ. ಸಮಕಾಲೀನರಲ್ಲಿ ಹಲವರನ್ನು ಅವರು ಅನ್ಯಾಯವಾಗಿ ತೂಗಿದರೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಚುಕೊವ್‌ಸ್ಕಾಯಾ ಅವರೇ ಆ ಸಂಪುಟವನ್ನು ತೀವ್ರವಾಗಿ ಖಂಡಿಸಿದರು. ಒಬ್ಬನಿಗೆ ಸಂಪೂರ್ಣವಾಗಿ ಮೀಸಲಾದ ನಿಷ್ಠೆ ಇತರರ ಬಗೆಗೆ ನಿಷ್ಠುರವಾಗುವ ಅಪಾಯವನ್ನು ಈ ದೋಷ ನಮಗೆ ತೋರಿಸುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಅಖ್ಮಾತೊವಾ. 1889ರಲ್ಲಿ ಹುಟ್ಟಿದ ಇವರು ಕ್ರಾಂತಿಗೆ ಮುಂಚೆಯೇ ಹೆಸರಾಂತ ಕವಯಿತ್ರಿ. ಮೊದಲ ಪತಿ, ಕವಿ ನಿಕೊಲಾಯ್ ಗುಮಿಲ್ಯೋವ್ ಅವರನ್ನು 1921ರಲ್ಲಿ ಗುಂಡಿಟ್ಟು ಕೊಂದರು. ಮಗ ಲೆವ್ 1935ರಲ್ಲಿ ಬಂಧಿತನಾಗಿ, ತಾಯಿ ಸ್ಟಾಲಿನ್ನನಿಗೆ ಪತ್ರ ಬರೆದ ಮೇಲೆ ಬಿಡುಗಡೆಯಾದ. 1938ರಲ್ಲಿ ಮತ್ತೆ ಬಂಧನವಾಯಿತು, ನೊರಿಲ್ಸ್ಕ್‌ನ ಹಿಮದಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. ಆಮೇಲೆ ಯುದ್ಧಕ್ಕೆ ಹೋಗಿ ಬರ್ಲಿನ್ನಿನವರೆಗೆ ಹೋರಾಡಿ ಬಂದವನನ್ನು 1949ರಲ್ಲಿ ಮೂರನೆಯ ಸಲ ಹಿಡಿದೊಯ್ದರು. ತಂದೆಯ ಹೆಸರೂ ತಾಯಿಯ ಹೆಸರೂ ಅವನ ಬೆನ್ನಿಗಂಟಿದ ಅಪರಾಧಗಳು. ಅವನು ಬಿಡುಗಡೆಯಾದದ್ದು 1956ರಲ್ಲಿ.

'ರೆಕ್ವಿಯೆಮ್' ಎಂದರೆ ಮೃತರ ಆತ್ಮಶಾಂತಿಗಾಗಿ ಕ್ರೈಸ್ತರು ಹಾಡುವ ಪ್ರಾರ್ಥನೆ. ಈ ಕವನಮಾಲೆಯ ಬಹುಭಾಗ 1935ರಿಂದ 1940ರ ನಡುವೆ ರಚಿತವಾಯಿತು. ಲೆನಿನ್‌ಗ್ರಾಡಿನ ಸೆರೆಮನೆಗಳ ಮುಂದೆ ಹದಿನೇಳು ತಿಂಗಳು ಸಾಲುನಿಂತುದಾಗಿ ಕವಯಿತ್ರಿ ಮುನ್ನುಡಿಯಲ್ಲಿ ತಿಳಿಸುತ್ತಾರೆ. ಆ ಸಾಲಿನಲ್ಲಿ ಚಳಿಗೆ ತುಟಿ ನೀಲಿಗಟ್ಟಿದ ಒಬ್ಬ ಹೆಂಗಸು ಅವರ ಕಿವಿಯ ಬಳಿ ಬಾಗಿ, ಇದನ್ನು ವರ್ಣಿಸಲು ನಿಮ್ಮಿಂದ ಸಾಧ್ಯವೇ ಎಂದು ಕೇಳಿದಳು. ಸಾಧ್ಯವೆಂದು ಕವಯಿತ್ರಿ ಉತ್ತರವಿತ್ತರು. ಆ ಹೆಂಗಸಿಗೆ ಕವಯಿತ್ರಿಯ ಹೆಸರು ಕೂಡ ಮೊದಲು ಗೊತ್ತಿರಲಿಲ್ಲ. ಹಾಗಾದರೆ ಈ ಕಾವ್ಯಕ್ಕೆ ಅಪ್ಪಣೆ ಕೊಟ್ಟವರು ಯಾರು? ಸ್ವಂತ ಮಗನ ದುಃಖವಲ್ಲ, ಹೆಸರಿಲ್ಲದ ನೆರೆಯವಳ ಪ್ರಶ್ನೆ. ಕಾವ್ಯದ ನಡೆಯೂ ಇದಕ್ಕೆ ಅನುಗುಣವಾಗಿದೆ. ನಡುವಣ ಪದ್ಯಗಳಲ್ಲಿ ಒಬ್ಬ ತಾಯಿ ತನ್ನ ಒಬ್ಬ ಮಗನಿಗಾಗಿ ಕೂಗುತ್ತಾಳೆ, ಬುದ್ಧಿ ಭ್ರಮಿಸುವ ಅಂಚಿಗೆ ಬರುತ್ತಾಳೆ, ಸಾವನ್ನು ಕರೆಯುತ್ತಾಳೆ. ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ಚಿತ್ರದ ನಂತರ ಕಾವ್ಯ ತಿರುಗುತ್ತದೆ. ಕೊನೆಯ ಭಾಗಗಳಲ್ಲಿ ಪ್ರಾರ್ಥನೆ ತನಗಾಗಿ ಮಾತ್ರ ಅಲ್ಲದೆ ಜೊತೆಗೆ ನಿಂತವರೆಲ್ಲರಿಗಾಗಿ ಸಲ್ಲುತ್ತದೆ. ಎಂದಾದರೂ ತನಗೆ ಸ್ಮಾರಕ ನಿಲ್ಲಿಸುವುದಾದರೆ ಹುಟ್ಟಿದ ಕಡಲತೀರದಲ್ಲಾಗಲಿ ಅರಮನೆಯ ತೋಟದಲ್ಲಾಗಲಿ ಬೇಡ, ಈ ಬಾಗಿಲ ಮುಂದೆಯೇ ನಿಲ್ಲಿಸಿ ಎಂಬ ಆಶಯದೊಡನೆ ಕಾವ್ಯ ಮುಗಿಯುತ್ತದೆ. 2006ರಲ್ಲಿ ಕ್ರೆಸ್ತಿಯ ಎದುರಿನ ದಂಡೆಯ ಮೇಲೆ ಅವರ ವಿಗ್ರಹ ನಿಂತಿತು.

ಈ ಕಾವ್ಯ ಉಳಿದ ಬಗೆಯೂ ಅರಿಯತಕ್ಕದ್ದು. ಮನೆಯ ಗೋಡೆಗಳಿಗೂ ಕಿವಿಯಿದ್ದ ಕಾಲ. ಅಖ್ಮಾತೊವಾ ಒಂದು ಚೂರು ಕಾಗದದ ಮೇಲೆ ಪದ್ಯವನ್ನು ಬರೆದು, ಲೋಕಾಭಿರಾಮದ ಮಾತು ಗಟ್ಟಿಯಾಗಿ ಆಡುತ್ತ, ಚುಕೊವ್‌ಸ್ಕಾಯಾ ಅವರ ಕೈಗೆ ಕೊಡುತ್ತಿದ್ದರು. ಅವರು ಓದಿ, ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಸದ್ದಿಲ್ಲದೆ ಹಿಂತಿರುಗಿಸುತ್ತಿದ್ದರು. ಒಡನೆಯೇ ಕಡ್ಡಿ ಗೀರಿ ಆ ಕಾಗದವನ್ನು ಸುಟ್ಟುಬಿಡುತ್ತಿದ್ದರು. ಹೀಗೆ ಕೆಲವೇ ಸ್ನೇಹಿತರ ನೆನಪಿನಲ್ಲಿ ಬದುಕಿದ ಕಾವ್ಯ 1963ರಲ್ಲಿ ಮ್ಯೂನಿಕ್‌ನಲ್ಲಿಯೂ 1987ರಲ್ಲಿ ಸ್ವದೇಶದಲ್ಲಿಯೂ ಅಚ್ಚಾಯಿತು. ಅಷ್ಟು ಹೊತ್ತಿಗೆ ಕವಯಿತ್ರಿ ತೀರಿಕೊಂಡು ಇಪ್ಪತ್ತೊಂದು ವರ್ಷಗಳಾಗಿದ್ದವು.

ಈಗ ಮೂರನೆಯ ಕೃತಿಗೆ ಬರೋಣ. 'ಸೋಫಿಯಾ ಪೆಟ್ರೋವ್ನಾ'ವನ್ನು ಚುಕೊವ್‌ಸ್ಕಾಯಾ 1939-40ರ ಚಳಿಗಾಲದಲ್ಲಿ ಒಂದು ಶಾಲಾ ನೋಟುಪುಸ್ತಕದಲ್ಲಿ ಬರೆದರು. ಪತಿಯ ಬಂಧನವಾಗಿ ಎರಡು ವರ್ಷಗಳೂ ಸರಿಯಾಗಿ ತುಂಬಿ ಬಹಳ ದಿನಗಳಾಗಿರಲಿಲ್ಲ. ನಡೆದುದನ್ನು ಬಹುಕಾಲದ ಮೇಲೆ ನೆನೆದು ಬರೆದ ಗ್ರಂಥಗಳು ಅನೇಕ ಉಂಟು. ಬೆಂಕಿಯ ನಡುವೆ ಕುಳಿತು ಬೆಂಕಿಯನ್ನು ಕುರಿತು ಬರೆದದ್ದು ಇದರ ವೈಶಿಷ್ಟ್ಯ.

ಕಥಾನಾಯಕಿ ಸೋಫಿಯಾ ಪೆಟ್ರೋವ್ನಾ ವೈದ್ಯನೊಬ್ಬನ ವಿಧವೆ, ಲೆನಿನ್‌ಗ್ರಾಡಿನ ಪ್ರಕಾಶನಸಂಸ್ಥೆಯೊಂದರಲ್ಲಿ ಹಿರಿಯ ಬೆರಳಚ್ಚುಗಾರ್ತಿ. ತಪ್ಪಿಲ್ಲದ ಹಾಳೆಗಳು, ಅಂದವಾದ ಅಂಚುಗಳು, ಕಚೇರಿಯವರ ಗೌರವ, ಇವು ಆಕೆಯ ಸಂತೋಷಗಳು. ಮಗ ಕೋಲ್ಯಾ ಎಂಜಿನಿಯರಿಂಗ್ ಓದುವ ತರುಣ, ಪಕ್ಷದ ಯುವಸಂಘದ ನಿಷ್ಠಾವಂತ ಸದಸ್ಯ. ಸ್ವೆರ್ದ್ಲೋವ್ಸ್ಕ್‌ನ ಕಾರ್ಖಾನೆಯಲ್ಲಿ ಅವನು ಮಾಡಿದ ಸಾಧನೆಗಾಗಿ 'ಪ್ರಾವ್ದಾ' ಪತ್ರಿಕೆಯಲ್ಲಿ ಅವನ ಚಿತ್ರ ಬರುತ್ತದೆ. ತಾಯಿಯ ಹಿಗ್ಗಿಗೆ ಪಾರವಿಲ್ಲ. ಸ್ವಲ್ಪ ದಿನಗಳಲ್ಲಿಯೇ ಅವನ ಗೆಳೆಯ ಆಲಿಕ್ ಬಂದು, ಕೋಲ್ಯಾನ ಬಂಧನವಾಗಿದೆಯೆಂದು ತಿಳಿಸುತ್ತಾನೆ.

ತಾಯಿ ಸಾಲಿನಲ್ಲಿ ನಿಲ್ಲುತ್ತಾಳೆ. ವಾಚಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಅದೇ ಸಾಲು, ಅದೇ ಚಳಿ, ಅಖ್ಮಾತೊವಾ ನಿಂತ ಜಾಗವೇ. ಆದರೆ ಸೋಫಿಯಾ ಪೆಟ್ರೋವ್ನಾ ತನ್ನ ಹಿಂದೆ ಮುಂದೆ ನಿಂತ ಹೆಂಗಸರನ್ನು ಕಂಡು ಅಸಹ್ಯಪಡುತ್ತಾಳೆ. ಇವರೆಲ್ಲ ನಿಜವಾದ ದ್ರೋಹಿಗಳ, ಕೊಲೆಗಡುಕರ ತಾಯಂದಿರು, ಹೆಂಡಿರು. ನನ್ನ ಕೋಲ್ಯಾನ ವಿಷಯದಲ್ಲಿ ಮಾತ್ರ ಏನೋ ತಪ್ಪಾಗಿದೆ, ಸರ್ಕಾರ ಅದನ್ನು ತಿದ್ದಿಕೊಳ್ಳುತ್ತದೆ ಎಂದು ಆಕೆಯ ಭಾವನೆ. ಪತ್ರಿಕೆಯಲ್ಲಿ ಬಂದುದು ಸುಳ್ಳಾಗಲಾರದು, ಮಗನೂ ಸುಳ್ಳನಲ್ಲ. ಈ ಎರಡು ನಂಬಿಕೆಗಳನ್ನು ಒಟ್ಟಿಗೆ ಹೊರಲು ಆಕೆಗಿದ್ದ ಉಪಾಯ ಅದೊಂದೇ. ಸಾಲಿನಲ್ಲಿದ್ದ ಪ್ರತಿಯೊಬ್ಬ ತಾಯಿಯೂ ತನ್ನ ಬಗೆಗೂ ಹಾಗೆಯೇ ಎಣಿಸುತ್ತಿರಬಹುದೆಂದು ಆಕೆಗೆ ಹೊಳೆಯುವುದಿಲ್ಲ. ದಬ್ಬಾಳಿಕೆಯ ಬಲವೆಲ್ಲ ಈ ಹೊಳೆಯದಿರುವಿಕೆಯಲ್ಲಿದೆ ಎಂಬುದು ಲೇಖಕಿಯ ದರ್ಶನ. ಸಾವಿರ ತಾಯಂದಿರು ಒಂದೇ ದುಃಖದಲ್ಲಿ ಹೆಗಲಿಗೆ ಹೆಗಲು ತಾಗಿ ನಿಂತಿದ್ದರೂ ಒಬ್ಬೊಬ್ಬಳೂ ಒಂಟಿ.

ಮುಂದಿನದೆಲ್ಲ ಒಂದೊಂದೇ ಕಳಚುವ ಕಥೆ. ಕಚೇರಿಯ ಗೆಳತಿ ನತಾಶಾ ಒಂದು ಅಕ್ಷರದೋಷದಿಂದ 'ಕೆಂಪು ಸೇನೆ'ಯನ್ನು 'ಇಲಿ ಸೇನೆ' ಎಂದು ಬೆರಳಚ್ಚಿಸಿ ಕೆಲಸ ಕಳೆದುಕೊಳ್ಳುತ್ತಾಳೆ, ಕೊನೆಗೆ ವಿಷ ಸೇವಿಸುತ್ತಾಳೆ. ಅವಳ ಪರ ಮಾತನಾಡಿದ ಸೋಫಿಯಾ ಪೆಟ್ರೋವ್ನಾಗೂ ಕೆಲಸ ಹೋಗುತ್ತದೆ. ಕೋಲ್ಯಾನ ಸ್ನೇಹವನ್ನು ಅಲ್ಲಗಳೆಯಲು ಒಪ್ಪದ ಆಲಿಕ್ ಯುವಸಂಘದಿಂದ ಹೊರದೂಡಲ್ಪಟ್ಟು ಆಮೇಲೆ ತಾನೂ ಬಂಧಿತನಾಗುತ್ತಾನೆ. ಒಂದೇ ಅಡಿಗೆಮನೆಯಲ್ಲಿ ಬೇಯಿಸಿಕೊಳ್ಳುವ ನೆರೆಯವರು ಸೀಮೆಎಣ್ಣೆ ಕದ್ದಳೆಂದು ಆಕೆಯನ್ನು ದೂರುತ್ತಾರೆ. ಮನಸ್ಸು ತಡೆಯಲಾರದೆ, ಮಗನ ಬಿಡುಗಡೆಯಾಗಿದೆ, ಅವನಿಗೆ ಮದುವೆ ಗೊತ್ತಾಗಿದೆ ಎಂದು ಆಕೆ ಎಲ್ಲರಿಗೂ ಹೇಳತೊಡಗುತ್ತಾಳೆ. ಆಗ ಮಗನ ನಿಜವಾದ ಕಾಗದ ಬರುತ್ತದೆ. ತನ್ನನ್ನು ಹೊಡೆದು ತಪ್ಪೊಪ್ಪಿಗೆ ಪಡೆದರು, ಒಂದು ಕಿವಿ ಕೇಳುವುದಿಲ್ಲ, ಅಮ್ಮಾ ಬೇಗ ಅರ್ಜಿ ಕೊಡು ಎಂದು ಅವನು ಬೇಡಿದ್ದಾನೆ. ಗಡೀಪಾರಿಗೆ ಹೊರಟು ನಿಂತ ಪರಿಚಿತ ವೈದ್ಯಪತ್ನಿಯೊಬ್ಬಳು, ಅರ್ಜಿ ಬರೆದರೆ ಮಗನಿಗೂ ಕೇಡು, ನಿಮಗೂ ಗಡೀಪಾರು ಎಂದು ಎಚ್ಚರಿಸುತ್ತಾಳೆ. ಸೋಫಿಯಾ ಪೆಟ್ರೋವ್ನಾ ಮನೆಗೆ ಬಂದು ಕಡ್ಡಿ ಗೀರಿ ಆ ಕಾಗದವನ್ನು ಸುಡುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಓದುಗರಲ್ಲಿ ಕೆಲವರು ಇದನ್ನು ಹೇಡಿತನವೆನ್ನುತ್ತಾರೆ, ಕೆಲವರು ವಿವೇಕವೆನ್ನುತ್ತಾರೆ. ಎರಡೂ ಅವಸರದ ತೀರ್ಪುಗಳು. ವೈದ್ಯಪತ್ನಿಯ ಸಲಹೆಯಲ್ಲಿ ಲೋಕಜ್ಞಾನವಿತ್ತು. ಅಂದಿನ ಸ್ಥಿತಿಯಲ್ಲಿ ಅರ್ಜಿ ಕೊಟ್ಟಿದ್ದರೂ ಮಗ ಬರುತ್ತಿರಲಿಲ್ಲವೆಂಬುದು ಸಂಭವನೀಯವೇ. ಆದುದರಿಂದ ಅರ್ಜಿ ಕೊಡದಿರುವುದು ಇಲ್ಲಿನ ದುರಂತವಲ್ಲ. ದುರಂತ ಆ ಬೆಂಕಿಯಲ್ಲಿದೆ. ಈ ಬೆಂಕಿಯನ್ನು ಅಖ್ಮಾತೊವಾ ಅವರ ಕೋಣೆಯ ಬೆಂಕಿಯೊಡನೆ ಹೋಲಿಸಿ ನೋಡಬೇಕು. ಅಲ್ಲಿಯೂ ಕಡ್ಡಿ ಗೀರಿದರು, ಕಾಗದ ಬೂದಿಯಾಯಿತು. ಆದರೆ ಬೂದಿಯಾಗುವ ಮುನ್ನ ಅದು ಇನ್ನೊಬ್ಬರ ಮನಸ್ಸನ್ನು ಸೇರಿತ್ತು. ಇಲ್ಲಿ ಮಗನ ಕೊನೆಯ ಸತ್ಯವಾಕ್ಯಗಳನ್ನು ಕೇಳಿ ನೆನಪಿಟ್ಟುಕೊಳ್ಳಬಲ್ಲವರು ಯಾರೂ ಪಕ್ಕದಲ್ಲಿ ಉಳಿದಿಲ್ಲ. ನತಾಶಾ ಸತ್ತಿದ್ದಾಳೆ. ಆಲಿಕ್ ಸೆರೆಯಲ್ಲಿದ್ದಾನೆ. ಎಚ್ಚರಿಸಿದವಳು ಗಡೀಪಾರಾಗಿ ಹೊರಡುತ್ತಿದ್ದಾಳೆ. ಸಾಲಿನಲ್ಲಿದ್ದ ನೂರಾರು ತಾಯಂದಿರನ್ನು ಆಕೆ ತಾನಾಗಿಯೇ ದೂರವಿಟ್ಟಿದ್ದಳು. ಮಗನೊಬ್ಬನಿಗೇ ಮೀಸಲಾದ ಪ್ರೀತಿಗೆ ಮಗನ ಒಂದು ಕಾಗದವನ್ನು ಇಡಲು ಕೂಡ ಜಾಗ ಸಿಗಲಿಲ್ಲ.

ಇದು ನನ್ನ ವಾದದ ತಿರುಳು. ಸೋಫಿಯಾ ಪೆಟ್ರೋವ್ನಾ ಕೆಟ್ಟ ತಾಯಿಯಲ್ಲ. ಆಕೆಯ ಪ್ರೀತಿಯಲ್ಲಿ ಕೊರತೆಯಿಲ್ಲ, ತ್ಯಾಗದಲ್ಲಿಯೂ ಕೊರತೆಯಿಲ್ಲ. ರಾತ್ರಿಗಳನ್ನು ಬೀದಿಯಲ್ಲಿ ಕಳೆದಳು, ಕೆಲಸ ಕಳೆದುಕೊಂಡಳು, ಬರಲಿರುವ ಮಗನಿಗೆಂದು ಡಬ್ಬಿಗಳಲ್ಲಿ ತಿನಿಸು ಕೂಡಿಟ್ಟಳು. ಕೊರತೆಯಿದ್ದದ್ದು ಒಂದು ಕಡೆ: ತನ್ನ ಮಗನಂತೆಯೇ ನೆರೆಯವಳ ಮಗನೂ ನಿರಪರಾಧಿಯಾಗಿರಬಹುದೆಂಬ ಕಲ್ಪನೆಯಲ್ಲಿ. ಆ ಒಂದು ಕಲ್ಪನೆ 'ರೆಕ್ವಿಯೆಮ್'ನಲ್ಲಿ ಇದೆ. ಅದರಿಂದಲೇ ಒಬ್ಬ ತಾಯಿಯ ಅಳಲು ಅಲ್ಲಿ ಒಂದು ಜನಾಂಗದ ಸಾಕ್ಷ್ಯವಾಯಿತು. ಚುಕೊವ್‌ಸ್ಕಾಯಾ ಅವರ ನೋಟುಪುಸ್ತಕ ಉಳಿದುದೂ ಇಂಥ ನಿಷ್ಠೆಯಿಂದಲೇ. ಅದನ್ನು ಬಚ್ಚಿಟ್ಟು ಕಾಪಾಡಿದ ಸ್ನೇಹಿತ ರಕ್ತಸಂಬಂಧಿಯಲ್ಲ. ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದ ಅವರು ಸತ್ತರು, ಪುಸ್ತಕ ಉಳಿಯಿತು. 1965ರಲ್ಲಿ ಪ್ಯಾರಿಸ್ಸಿನಲ್ಲಿಯೂ 1988ರಲ್ಲಿ ಸ್ವದೇಶದಲ್ಲಿಯೂ ಅದು ಬೆಳಕು ಕಂಡಿತು. ನಡುವೆ ಮಾಸ್ಕೋದ ಸರ್ಕಾರಿ ಪ್ರಕಾಶನವೊಂದು ಪುಸ್ತಕವನ್ನು ಒಪ್ಪಿ ಆಮೇಲೆ ಕೈಬಿಟ್ಟಾಗ, ಲೇಖಕಿ ನ್ಯಾಯಾಲಯಕ್ಕೆ ಹೋಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಗೆದ್ದುಕೊಂಡದ್ದು ಅವರ ಸ್ವಭಾವಕ್ಕೆ ತಕ್ಕ ಸಂಗತಿ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಅಖ್ಮಾತೊವಾ ಅವರನ್ನು ಇಷ್ಟು ಎತ್ತರದಲ್ಲಿ ನಿಲ್ಲಿಸುವುದು ನ್ಯಾಯವೇ? ಅವರೇ 1950ರಲ್ಲಿ 'ಅಗೊನ್ಯೋಕ್' ಪತ್ರಿಕೆಯಲ್ಲಿ ಸ್ಟಾಲಿನ್ನನನ್ನು ಹೊಗಳುವ ಪದ್ಯಗಳನ್ನು ಪ್ರಕಟಿಸಲಿಲ್ಲವೇ? ಪ್ರಕಟಿಸಿದರು. ಮಗ ಮೂರನೆಯ ಸಲ ಸೆರೆಯಲ್ಲಿದ್ದ. 1946ರಲ್ಲಿ ಪಕ್ಷದ ಕೇಂದ್ರಸಮಿತಿಯ ಖಂಡನೆಗೆ ಗುರಿಯಾಗಿ ಅವರು ಲೇಖಕರ ಸಂಘದಿಂದಲೂ ಹೊರಬಿದ್ದಿದ್ದರು. ಕೈಯಲ್ಲಿದ್ದ ಒಂದೇ ಒಂದು ಸೊತ್ತೆಂದರೆ ಕವಿತೆಯ ಮಾನ. ಅದನ್ನೂ ಮಗನ ಪ್ರಾಣಕ್ಕಾಗಿ ಒತ್ತೆಯಿಟ್ಟರು. ಒತ್ತೆ ವ್ಯರ್ಥವಾಯಿತು, ಮಗ ಬರಲಿಲ್ಲ. ಮುಂದೆ ತಮ್ಮ ಸಂಕಲನದ ಪ್ರತಿಗಳಲ್ಲಿ ಅಂಥ ಪದ್ಯಗಳ ಮೇಲೆ ಬೇರೆ ಪದ್ಯಗಳ ಚೀಟಿಯಂಟಿಸಿ ಅವರು ಮುಚ್ಚುತ್ತಿದ್ದರು. ಈ ಪದ್ಯಗಳನ್ನು ಸಾಹಿತ್ಯವೆಂದು ಸಮರ್ಥಿಸಲಾಗದು, ಸಮರ್ಥಿಸಬೇಕಾಗಿಯೂ ಇಲ್ಲ. ಆದರೆ ಅವುಗಳನ್ನು ಕಂಡು ಕವಯಿತ್ರಿಯನ್ನು ಹಳಿಯುವ ಹಕ್ಕು, ಮಗನನ್ನು ಸೆರೆಯಲ್ಲಿಟ್ಟವರ ಮುಂದೆ ನಿಂತ ತಾಯಿಗೆ ಮಾತ್ರ ಇದೆ. ಬೀರುವಿನಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟುಕೊಂಡ ವಿಮರ್ಶಕನಿಗೆ ಇಲ್ಲ.

ಇದಕ್ಕಿಂತ ಕಹಿಯಾದದ್ದು ಇನ್ನೊಂದು ಉಂಟು. ಬಿಡುಗಡೆಯಾಗಿ ಬಂದ ಮಗ, ತಾಯಿ ತನಗಾಗಿ ಸಾಕಷ್ಟು ಮಾಡಲಿಲ್ಲವೆಂದು ನೊಂದುಕೊಂಡ. ಇಬ್ಬರ ನಡುವೆ ಬಿದ್ದ ಬಿರುಕು 1966ರಲ್ಲಿ ತಾಯಿ ಸಾಯುವವರೆಗೂ ಮುಚ್ಚಲಿಲ್ಲ. ಲೆವ್ ಗುಮಿಲ್ಯೋವ್ ಮುಂದೆ ಹೆಸರಾಂತ ಇತಿಹಾಸಕಾರರಾಗಿ 1992ರವರೆಗೆ ಬಾಳಿದರು. ತ್ಯಾಗ ಮಾಡಿದವರಿಗೆ ಕೃತಜ್ಞತೆ ದೊರೆತೇ ತೀರುತ್ತದೆಂದು ನೀತಿಕಥೆಗಳು ಹೇಳುತ್ತವೆ. ಈ ಜೀವನಗಳು ಹಾಗೆ ಹೇಳುವುದಿಲ್ಲ. ದಬ್ಬಾಳಿಕೆ ಮಗನ ಹದಿಮೂರು ಹದಿನಾಲ್ಕು ವರ್ಷಗಳನ್ನು ಕಸಿದುಕೊಂಡಿತು. ಉಳಿದ ವರ್ಷಗಳಲ್ಲಿ ತಾಯಿಮಕ್ಕಳ ನಡುವಣ ವಿಶ್ವಾಸವನ್ನೂ ಕಸಿದುಕೊಂಡಿತು. ತಪ್ಪು ಇಬ್ಬರದೂ ಅಲ್ಲ. ಯಾರದೆಂದು ಓದುಗರಿಗೆ ವಿವರಿಸಬೇಕಾಗಿಲ್ಲ.

ಇದೆಲ್ಲ ದೂರದ ಹಿಮದೇಶದ ಮಾತು, ನಮಗೇಕೆ ಎನ್ನುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. 1975-77ರ ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದೊಯ್ದರು. ಅವನು ಮರಳಲಿಲ್ಲ, ಶವವೂ ಸಿಗಲಿಲ್ಲ. ತಂದೆ, ಪ್ರಾಧ್ಯಾಪಕ ಟಿ. ವಿ. ಈಚರ ವಾರಿಯರ್ ಅವರು ಕಚೇರಿಯಿಂದ ಕಚೇರಿಗೆ ಅಲೆದರು. 1977ರಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಅದರ ಪರಿಣಾಮವಾಗಿ ಅಂದಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮನೆಯಲ್ಲಿ ಅಸ್ವಸ್ಥಳಾಗಿದ್ದ ತಾಯಿ ಮಗನ ದಾರಿ ಕಾಯುತ್ತಲೇ ಇದ್ದಳು. 2006ರಲ್ಲಿ ತೀರಿಕೊಂಡ ಆ ತಂದೆ ತಮ್ಮ ನೆನಪುಗಳನ್ನು ಬರೆದಿಟ್ಟಿದ್ದಾರೆ. ಲೆನಿನ್‌ಗ್ರಾಡಿಗೂ ಇಲ್ಲಿಗೂ ವ್ಯತ್ಯಾಸ ದೊಡ್ಡದು: ಇಲ್ಲಿ ನ್ಯಾಯಾಲಯದ ಬಾಗಿಲು ತಡವಾಗಿಯಾದರೂ ತೆರೆಯಿತು, ನೆರೆಯವರ ಬಾಯಿ ತೆರೆಯಿತು. ಆ ವ್ಯತ್ಯಾಸ ತಾನಾಗಿ ಉಳಿಯುವಂಥದಲ್ಲ. ಒಬ್ಬರ ಮಗನಿಗಾಗಿ ಇನ್ನೊಬ್ಬರು ಕೇಳುವ ಅಭ್ಯಾಸವಿರುವವರೆಗೆ ಮಾತ್ರ ಅದು ಉಳಿಯುತ್ತದೆ.

ಈ ಮೂರು ಕೃತಿಗಳನ್ನು ಓದಬಯಸುವವರು 'ಸೋಫಿಯಾ ಪೆಟ್ರೋವ್ನಾ'ದಿಂದ ಪ್ರಾರಂಭಿಸಲಿ ಎಂಬುದು ನನ್ನ ಸೂಚನೆ. ಒಂದು ದಿನದಲ್ಲಿ ಓದಿ ಮುಗಿಸಬಹುದಾದ ಪುಸ್ತಕ ಅದು. ಅದನ್ನು ಓದುವಾಗ ಆ ಬೆರಳಚ್ಚುಗಾರ್ತಿಯ ಮೌಢ್ಯಕ್ಕೆ ನಗು ಬರಬಹುದು. ಬಂದರೆ, ನೆರೆಮನೆಯ ಹುಡುಗನನ್ನು ಪೊಲೀಸರು ಕರೆದೊಯ್ದ ಸುದ್ದಿ ಕಿವಿಗೆ ಬಿದ್ದಾಗ 'ಏನಾದರೂ ಮಾಡಿರಬೇಕು, ಸುಮ್ಮನೆ ಹಿಡಿಯುತ್ತಾರೆಯೇ' ಎಂಬ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೆ ಎಂದು ಒಮ್ಮೆ ಎಣಿಸಿ ನೋಡಬೇಕು. ಆ ಎಣಿಕೆ ಮುಗಿದ ಮೇಲೆ 'ರೆಕ್ವಿಯೆಮ್' ಕೈಗೆತ್ತಿಕೊಂಡರೆ, ತುಟಿ ನೀಲಿಗಟ್ಟಿದ ಆ ಹೆಂಗಸು ಕೇಳಿದ ಪ್ರಶ್ನೆ ಕವಯಿತ್ರಿಗೆ ಮಾತ್ರವಲ್ಲದೆ ಸಾಲಿನಲ್ಲಿ ನಿಂತ ಎಲ್ಲರಿಗೂ ಸಂಬಂಧಿಸಿದ್ದೆಂದು ತಿಳಿಯುತ್ತದೆ.